ಹೆಂಗಸರ ಬೆಂಚು

ಆಷಾಢದ ಒಂದು ಬೆಳಿಗ್ಗೆ ಮಾಳಗುಂದ ಊರಿನ ಸಾರ್ವಜನಿಕ ಗ್ರಂಥಾಲಯದ ಎದುರಿನ ಒಳಚರಂಡಿ ಗುಂಡಿಗೆ ಮರಿಯಪ್ಪನನ್ನು ಇಳಿಸಿದರು. ಅವನು ಜೀವಂತವಾಗಿ ಮೇಲೆ ಬರಲಿಲ್ಲ. ಕುಡಿದ ಅಮಲಿನಲ್ಲಿ ಕಾಲು ಜಾರಿ ಬಿದ್ದ ಎಂದು ಮರುದಿನದ ಪತ್ರಿಕೆಯಲ್ಲಿ ಬಂತು.

ನಾನು ಆ ಗ್ರಂಥಾಲಯದ ಒಂದು ಬೆಂಚು. ಹಳ್ಳದ ದಂಡೆಯ ಜಾಲಿಮರದಲ್ಲಿ ಹುಟ್ಟಿದೆ. ಕಡಿದವನ ಕೈಗೂ ಹೊತ್ತವನ ಹೆಗಲಿಗೂ ಮುಳ್ಳು ಚುಚ್ಚಿಯೇ ಊರು ಸೇರಿದೆ. ಬಡಿಗೇರ ಮೋನಪ್ಪ ನನ್ನನ್ನು ಕೊಯ್ದು, ಕೀಸಿ, ನಾಲ್ಕು ಕಾಲು ಮತ್ತು ಬೆನ್ನಿಗೊಂದು ಹಲಗೆ ಜೋಡಿಸಿ ನಿಲ್ಲಿಸಿದ. ತೇಗವಾಗಿದ್ದರೆ ಯಾರಾದರೂ ಸಾಹುಕಾರರ ಪಡಸಾಲೆಗೆ ಹೋಗುತ್ತಿದ್ದೆ. ಜಾಲಿಯಾದ್ದರಿಂದ ಸರ್ಕಾರಕ್ಕೆ ಹೋದೆ.

ಮೊದಲು ಕಚೇರಿಯ ಜಗಲಿ. ಅಲ್ಲಿ ಜನ ಕಾಯುತ್ತಿದ್ದರು. ಬಿಳಿ ಧೋತರದವರು ನನ್ನ ಮೇಲೆ ಕುಳಿತು ಕಾದರು, ಕೇರಿಯವರು ನನ್ನ ಕಾಲ ಬಳಿ ಕುಕ್ಕರಗಾಲಿನಲ್ಲಿ ಕಾದರು. ಧೋತರಗಳೆಲ್ಲ ಎದ್ದುಹೋಗಿ ನಾನು ಪೂರ್ತಿ ಖಾಲಿಯಾದ ಮೇಲೂ ಅವರು ಕೆಳಗೇ ಇದ್ದರು. ಯಾರೂ ಅವರಿಗೆ ಕೂರಬೇಡಿ ಎನ್ನಲಿಲ್ಲ. ಅವರ ಅಜ್ಜಂದಿರ ಕಾಲದಲ್ಲೇ ಅದನ್ನು ಹೇಳಿ ಮುಗಿಸಿದ್ದರು.

ಕಚೇರಿಗೆ ಹೊಸ ಕುರ್ಚಿ ಬಂದಾಗ ನನ್ನನ್ನು ಶಾಲೆಗೆ ಕೊಟ್ಟರು. ಅಲ್ಲಿ ಮಕ್ಕಳು ನೆಲದ ಮೇಲೆ. ಮಗ್ಗಿ ಮರೆತವರು ಮಾತ್ರ ಕಿವಿ ಹಿಡಿದು ನನ್ನ ಮೇಲೆ ನಿಲ್ಲಬೇಕು. ಕಚೇರಿಯಲ್ಲಿ ನನ್ನ ಮೇಲೆ ಕೂರುವುದು ಮಾನ, ಶಾಲೆಯಲ್ಲಿ ನನ್ನ ಮೇಲೆ ನಿಲ್ಲುವುದು ಅವಮಾನ. ಮರ ಅದೇ. ನಿಂತವರ ಅಂಗಾಲು ನನಗೆ ನೆನಪಿದೆ. ಚಪ್ಪಲಿ ಕಾಣದ, ಬಿರುಕು ಬಿಟ್ಟ ಅಂಗಾಲುಗಳೇ ಹೆಚ್ಚು.

ಶಾಲೆಗೆ ಡೆಸ್ಕು ಬಂದವು, ನಾನು ಗ್ರಂಥಾಲಯಕ್ಕೆ ಬಂದೆ. ಪೇಂಟರ್ ಒಬ್ಬ ನನ್ನ ಬೆನ್ನ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ‘ಮಹಿಳೆಯರಿಗೆ’ ಎಂದು ಬರೆದ. ಮೇಲಿನಿಂದ ಹಾಗೊಂದು ಆದೇಶ ಬಂದಿತ್ತಂತೆ. ಆದೇಶ ಬಂತು, ಮಹಿಳೆಯರು ಬರಲಿಲ್ಲ. ಗಂಡಸರು ಆ ಅಕ್ಷರಗಳಿಗೆ ಬೆನ್ನು ಕೊಟ್ಟು ಕುಳಿತರು. ಅವರ ಅಂಗಿಗಳು ತಿಕ್ಕಿ ತಿಕ್ಕಿ ಬಣ್ಣ ಅರ್ಧ ಅಳಿಸಿತು.

ಗ್ರಂಥಾಲಯವೆಂದರೆ ಶಹಾಬಾದ್ ಫರಸಿಕಲ್ಲಿನ ನೆಲದ ಒಂದು ಉದ್ದನೆಯ ಕೋಣೆ. ಗೋಡೆಗೆ ಕಬ್ಬಿಣದ ಕಪಾಟುಗಳು, ನಡುವೆ ಪತ್ರಿಕೆಯ ಮೇಜು, ಬಾಗಿಲ ಮೇಲೆ ‘ನಿಶ್ಶಬ್ದ’ ಎಂಬ ಬೋರ್ಡು. ಗ್ರಂಥಪಾಲಕರು ವಿರೂಪಾಕ್ಷಯ್ಯ. ಕೆಟ್ಟವರಲ್ಲ. ಪುಸ್ತಕಕ್ಕೆ ಧೂಳು ಕೂತರೆ ಅವರಿಗೆ ಸಂಕಟ, ಅರಿವೆ ತಂದು ಒರೆಸುತ್ತಿದ್ದರು. ಹೊಸ ಮನುಷ್ಯರು ಬಂದು ಕೂತರೂ ಅಷ್ಟೇ ಸಂಕಟ. ಅವರನ್ನು ಒರೆಸಲು ಬರುತ್ತಿರಲಿಲ್ಲ, ಅಷ್ಟೇ.

ಮರಿಯಪ್ಪನನ್ನು ಇಳಿಸಿದ ಬೆಳಿಗ್ಗೆ ನಾನು ಒಳಗಿದ್ದೆ. ಕಿಟಕಿಯಿಂದ ದನಿಗಳು ಮಾತ್ರ ಬಂದವು. ಹಗ್ಗ ಎಳೆಯಿರಿ ಎಂದು ಯಾರೋ ಕೂಗಿದರು, ಇನ್ನೊಬ್ಬರು ಕೂಗಿದರು, ಆಮೇಲೆ ಯಾರೂ ಕೂಗಲಿಲ್ಲ. ನಾತ ಬರುತ್ತದೆಂದು ವಿರೂಪಾಕ್ಷಯ್ಯ ಎದ್ದು ಕಿಟಕಿ ಮುಚ್ಚಿದರು.

ಮರಿಯಪ್ಪನ ಹೆಂಡತಿ ಹುಲಿಗೆವ್ವ ಒಳಗೆ ಬಂದದ್ದು ದಿನಕರ್ಮ ಮುಗಿದ ಮೇಲೆ. ಅವಳೂ ಪೌರಕಾರ್ಮಿಕಳೇ. ಕಸದ ಗಾಡಿಯನ್ನು ಮೆಟ್ಟಿಲ ಬಳಿ ನಿಲ್ಲಿಸಿ, ಚಪ್ಪಲಿ ಬಿಟ್ಟು, ಒದ್ದೆ ಕಾಲಿನ ಗುರುತು ಮೂಡಿಸುತ್ತ ಮೇಜಿನ ತನಕ ಬಂದಳು. ಕಸ ನಾಳೆ ಹೊಡೆದರಾಯಿತು ಎಂದರು ವಿರೂಪಾಕ್ಷಯ್ಯ.

“ಕಸಕ್ಕ ಬಂದಿಲ್ರಿ. ಪೇಪರ್ ಕೇಳಾಕ ಬಂದೀನಿ.”

“ಪೇಪರ್ ಓದೂದವ್ವ, ಕೇಳೂದಲ್ಲ.”

“ಓದಾಕ ಬಂದಿದ್ರ ನಿಮ್ಮನ್ನ ಯಾಕ ಕೇಳ್ತಿದ್ದೆ?”

ಕಪಾಟುಗಳ ಸಂದಿಯಲ್ಲಿ ನೆಲದ ಮೇಲೆ ಕೂತು ಓದುತ್ತಿದ್ದ ಸೀತಾಬಾಯಿ ನಕ್ಕಳು. ಅವಳು ತಾಂಡಾದ ಹುಡುಗಿ, ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಳು. ನೆಲದ ಮೇಲೆ ಯಾಕೆ ಕೂತಿದ್ದಳೆಂದರೆ, ನನ್ನ ಮೇಲೆ ಜಾಗವಿರಲಿಲ್ಲ. ಪರೀಕ್ಷೆಗೆ ಓದುವ ಗಂಡುಹುಡುಗರು ಬಾಗಿಲು ತೆರೆದ ಕೂಡಲೇ ನುಗ್ಗಿ, ಬಸ್ಸಿನ ಸೀಟಿಗೆ ಹಾಕುವಂತೆ ನನ್ನ ಮೇಲೆ ಸಾಲಾಗಿ ಕರ್ಚೀಫು ಹಾಸಿ ಚಹಾಕ್ಕೆ ಹೋಗುತ್ತಿದ್ದರು. ಇದು ಹೆಂಗಸರ ಬೆಂಚು, ಹಾಗಂತ ಬರೆದಿದೆ ಎಂದು ಸೀತಾಬಾಯಿ ಹೇಳಿದಳು. ಹುಲಿಗೆವ್ವ ನನ್ನ ಬೆನ್ನನ್ನೂ ಕರ್ಚೀಫುಗಳನ್ನೂ ನೋಡಿದಳು. ಒಂದೊಂದನ್ನೇ ಎರಡು ಬೆರಳಲ್ಲಿ ಎತ್ತಿಕೊಂಡು ಹೊರಗೆ ಹೋಗಿ ಬಂದಳು. ಆಮೇಲೆ ಕುಳಿತಳು. ಸೀತಾಬಾಯಿಯನ್ನು ಪಕ್ಕಕ್ಕೆ ಕರೆದಳು. ಆ ಹಲಗೆಯ ಮೇಲೆ ಇಬ್ಬರು ಹೆಂಗಸರು ಒಟ್ಟಿಗೆ ಕೂತದ್ದು ಅದೇ ಮೊದಲು.

ಹುಡುಗರು ಬಂದು ಕರ್ಚೀಫು ಎಲ್ಲಿ ಎಂದರು.

“ಗಾಡ್ಯಾಗ ಅದಾವ ನೋಡ್ರಪ್ಪ. ಬಿದ್ದ ಅರಿವಿ ಎತ್ತೂದು ನನ್ನ ಕೆಲಸ. ಹಸಿ ಕಸ ಒಂದ ಕಡಿ, ಒಣ ಕಸ ಒಂದ ಕಡಿ ಹಾಕ್ಬೇಕಂತ ನೀವ ಹೇಳ್ತೀರಿ. ನಿಮ್ಮವು ಒಣದ್ರಾಗ ಹಾಕೀನಿ.”

ಸೀತಾಬಾಯಿ ಹಳೆಯ ಪತ್ರಿಕೆಗಳ ಕಟ್ಟಿನಿಂದ ಆ ದಿನದ ಹಾಳೆ ಹುಡುಕಿ, ಸಣ್ಣ ದನಿಯಲ್ಲಿ ಓದಿದಳು. ‘ಅಮಲಿನಲ್ಲಿ’ ಎಂಬಲ್ಲಿ ತಡೆದಳು. ಓದು ಎಂದಳು ಹುಲಿಗೆವ್ವ. ಓದಿ ಮುಗಿಯಿತು. ಅವಳು ಅಳಲಿಲ್ಲ. ನನ್ನ ಮೇಲಿನ ಅವಳ ಭಾರ ಮಾತ್ರ ಒಮ್ಮೆಲೇ ಹೆಚ್ಚಾಯಿತು.

“ಕುಡದಿದ್ದ, ಖರೆ. ಕುಡಸಿದವರ ಹೆಸರು ಎಲ್ಲೈತಿ, ಅದನ್ನೂ ಓದು.”

ಅದು ಹಾಳೆಯಲ್ಲಿ ಇರಲಿಲ್ಲ. ಊರಿಗೆಲ್ಲ ಗೊತ್ತಿದ್ದ ರೂಢಿ ಅದು. ನೆಟ್ಟಗಿರುವ ತಲೆ ಇಟ್ಟುಕೊಂಡು ಯಾರೂ ಆ ಗುಂಡಿಗೆ ಇಳಿಯಲಾರರು. ಆದ್ದರಿಂದ ಇಳಿಸುವ ಮೊದಲು ಪುರಸಭೆಯ ಹೆಲ್ತ್ ಇನ್ಸ್‌ಪೆಕ್ಟರ್ ತಾನೇ ಒಂದು ಕ್ವಾರ್ಟರ್ ತರಿಸಿ ಕೊಡುತ್ತಿದ್ದ. ಬದುಕಿ ಬಂದರೆ ಅದು ಬಕ್ಷೀಸು, ಸತ್ತರೆ ಅದು ಕಾರಣ.

ಅಪ್ಪನ ಜಾಗಕ್ಕೆ ಮಗ ಹನುಮೇಶನನ್ನು ತೆಗೆದುಕೊಂಡರು. ಹಂಗಾಮಿ ಕೆಲಸ, ಯಾವತ್ತು ಬೇಡವೆಂದರೂ ಹೋಗಬೇಕು. ಅದನ್ನೇ ಪುರಸಭೆಯವರು ಉಪಕಾರವೆಂದರು. ಹನುಮೇಶನ ಹೆಂಡತಿ ಆಗ ಬಸುರಿ. ಬೇಡ ಎನ್ನಲು ಮನೆಯಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಹುಲಿಗೆವ್ವ ಅದನ್ನು ಸೀತಾಬಾಯಿಗೆ ಹೇಳಿದ್ದು ನನ್ನ ಮೇಲೆ ಕೂತೇ.

“ಮಳಿಗಾಲ ಮತ್ತ ಬರ್ತೈತಿ. ಆ ಗುಂಡಿ ಮತ್ತ ಕಟ್ತೈತಿ. ಅವತ್ತು ಇವನನ್ನ ಇಳಸ್ತಾರ. ಇಳಿಯೂದಿಲ್ಲ ಅನ್ನಾಕ ಎಲ್ಲೆರ ದಾರಿ ಐತೇನು, ಇಷ್ಟು ಪೇಪರ್ ಬರ್ತಾವಲ್ಲ, ಒಂದ್ರಾಗರ ಬರದಾರೇನು ನೋಡ ತಂಗಿ.”

ಹೀಗೆ ಓದು ಶುರುವಾಯಿತು. ಶ್ರಾವಣ ಬರುವಷ್ಟರಲ್ಲಿ ಕೇರಿಯ ಇನ್ನೂ ನಾಲ್ಕಾರು ಹೆಂಗಸರು ಮಧ್ಯಾಹ್ನದ ಹಾಜರಿಗೆ ಮುಂಚಿನ ಬಿಡುವಿನಲ್ಲಿ ಬಂದು ಕೂರತೊಡಗಿದರು. ನನ್ನ ಮೇಲೆ ಹಿಡಿಯದವರು ಫರಸಿಯ ಮೇಲೆ, ನನಗೆ ಒರಗಿ. ಸೀತಾಬಾಯಿ ತನ್ನ ಪರೀಕ್ಷೆಯ ಪುಸ್ತಕ ಮುಚ್ಚಿಟ್ಟು ಪತ್ರಿಕೆಯನ್ನು ದನಿಯೆತ್ತಿ ಓದುತ್ತಿದ್ದಳು. ಮಂತ್ರಿಯ ಭಾಷಣ, ಬಸ್ಸಿನ ಅಪಘಾತ, ಈರುಳ್ಳಿಯ ಧಾರಣೆ, ಸಿನೆಮಾ ನಟಿಯ ಮದುವೆ, ಎಲ್ಲ. ಮಂತ್ರಿಯ ಭಾಷಣಕ್ಕಿಂತ ಈರುಳ್ಳಿ ವಾಸಿ ಎಂದು ಅವರು ತೀರ್ಪು ಕೊಟ್ಟರು.

ವಿರೂಪಾಕ್ಷಯ್ಯ ಬೋರ್ಡು ತೋರಿಸಿದರು. ಮನಸ್ಸಿನಲ್ಲಿ ಓದಿಕೊಳ್ಳಬೇಕು, ಅದು ಗ್ರಂಥಾಲಯದ ನಿಯಮ ಎಂದರು. ಈಕೆ ಮನಸ್ಸಿನಲ್ಲಿ ಓದಿದರೆ ನಮ್ಮ ಮನಸ್ಸಿಗೆ ಹೇಗೆ ಬರಬೇಕು ಎಂದು ಹುಲಿಗೆವ್ವ ಕೇಳಿದಳು. ಆ ನಿಯಮ ಎಷ್ಟು ಜಾಣತನದ್ದೆಂದು ನನಗೆ ಅವತ್ತು ತಿಳಿಯಿತು. ಓದು ಬಲ್ಲವನಿಗೆ ನಿಶ್ಶಬ್ದ ಅನುಕೂಲ. ಬಾರದವನಿಗೆ ಅದೊಂದು ಬೀಗ. ಹೊರಗೆ ಹೋಗು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ, ಸದ್ದು ಮಾಡಬೇಡ ಎಂದರೆ ಸಾಕು.

ದಸರೆಯ ಹೊತ್ತಿಗೆ ಅವರು ಹುಡುಕುತ್ತಿದ್ದದ್ದು ಸಿಕ್ಕಿತು. ಎಲ್ಲಿಯದೋ ದೂರದ ನಗರದಲ್ಲಿ ಗುಂಡಿಗಿಳಿದವರು ಸತ್ತಿದ್ದರು. ಸುದ್ದಿಯ ಕೊನೆಗೆ ಕಾನೂನಿನ ಮಾತಿತ್ತು: ಮನುಷ್ಯರನ್ನು ಒಳಚರಂಡಿಗೆ ಇಳಿಸುವಂತಿಲ್ಲ, ಇಳಿಸಿದವರಿಗೆ ಜೈಲು. ಸೀತಾಬಾಯಿಯಿಂದ ಅದನ್ನು ಮತ್ತೆ ಮತ್ತೆ ಓದಿಸಿದರು.

“ಇದು ನಮ್ಮೂರಿಗೂ ಬರ್ತೈತೇನ?”

“ದೇಶಕ್ಕೆಲ್ಲ ಬರ್ತದ ಎಕ್ಕಾ.”

“ದೇಶಕ್ಕ ಬಂದಿದ್ದು ಮಾಳಗುಂದಕ್ಕ ಬರೂದು ತಡ,” ಎಂದಳು ಹುಲಿಗೆವ್ವ. ಆದರೂ ಅವಳ ಹಿಮ್ಮಡಿ ನನ್ನ ಕಾಲಿಗೆ ಮೆಲ್ಲಗೆ ಬಡಿಯುತ್ತಿತ್ತು. ಖುಷಿಯಾದಾಗ ಹಾಗೆ ಮಾಡುತ್ತಿದ್ದಳು.

ಮರುದಿನ ಹೆಂಗಸರೆಲ್ಲ ಆ ಹಾಳೆ ಹಿಡಿದು ಹೆಲ್ತ್ ಇನ್ಸ್‌ಪೆಕ್ಟರ್ ಹತ್ತಿರ ಹೋದರಂತೆ. ಅವನು ನಕ್ಕನಂತೆ. ಲೈಬ್ರರಿಗೆ ಹೋಗಿ ಬಂದು ಎಲ್ಲ ವಕೀಲರಾಗಿದ್ದೀರಿ, ಕರಿಕೋಟು ಹೊಲಿಸಲೇನು ಎಂದನಂತೆ. ನಗು ಮುಗಿದ ಮೇಲೆ ವಿರೂಪಾಕ್ಷಯ್ಯನವರಿಗೆ ಫೋನು ಬಂತು. ಗ್ರಂಥಾಲಯದ ಕಟ್ಟಡ ಪುರಸಭೆಯದು. ಫೋನಿನಲ್ಲಿ ಅವರು ಹೌದ್ರಿ, ಹೌದ್ರಿ ಎಂದದ್ದಷ್ಟೇ ನನಗೆ ಕೇಳಿತು. ಸಂಜೆ ನನ್ನನ್ನು ಎತ್ತಿ ಹೊರಗಿನ ಕಟ್ಟೆಯ ಮೇಲೆ, ರಸ್ತೆಗೆ ಮುಖಮಾಡಿ ಇಟ್ಟರು. ಹೊರಗೆ ಗಾಳಿ ಚೆನ್ನಾಗಿದೆ, ಎಷ್ಟು ಬೇಕಾದರೂ ಸದ್ದು ಮಾಡಬಹುದು ಎಂದು ಹೆಂಗಸರಿಗೆ ಹೇಳಿದರು. ನನಗೆ ಎದುರಿಗೇ ಆ ಗುಂಡಿಯ ಮುಚ್ಚಳ ಕಾಣತೊಡಗಿತು. ಹುಲಿಗೆವ್ವನಿಗೂ.

ಗ್ರಂಥಾಲಯ ಸಪ್ತಾಹದ ದಿನ ಮಾತ್ರ ನನ್ನನ್ನು ಮತ್ತೆ ಒಳಗೆ ಹೊತ್ತರು. ಬಾಗಿಲಿಗೆ ಮಾವಿನ ತೋರಣ, ಮೇಜಿಗೆ ಹೊಸ ಬಟ್ಟೆ. ಪುರಸಭೆಯ ಅಧ್ಯಕ್ಷರು ಬರುವವರಿದ್ದರು, ಫೋಟೋಕ್ಕೆ ಓದುಗರು ಬೇಕಿತ್ತು. ಪೌರಕಾರ್ಮಿಕ ಹೆಂಗಸರನ್ನು ಸಮವಸ್ತ್ರದಲ್ಲೇ ಕರೆಸಿ ನನ್ನ ಮೇಲೆ ಕೂರಿಸಿ, ಕೈಗೊಂದು ದಪ್ಪ ಪುಸ್ತಕ ಕೊಟ್ಟರು. ಕೆಳಗೆ ನೋಡಿ, ಓದುತ್ತಿರುವಂತೆ ಇರಿ ಎಂದ ಫೋಟೋದವನು. ಅದೇ ಬೆಂಚಿನ ಮೇಲೆ ನಿಜವಾಗಿ ಓದಿದ್ದಕ್ಕೆ ಹೊರಗೆ ಹಾಕಿದ್ದರು, ಈಗ ಓದುತ್ತಿರುವಂತೆ ಇರುವುದಕ್ಕೆ ಒಳಗೆ ಕರೆದಿದ್ದರು. ಹುಲಿಗೆವ್ವ ಕೆಳಗೆ ನೋಡಲಿಲ್ಲ. ನೆಟ್ಟಗೆ ಕ್ಯಾಮೆರಾವನ್ನೇ ನೋಡಿದಳು. ಅವಳಿದ್ದ ತುದಿಯನ್ನು ಕತ್ತರಿಸಿ ಪತ್ರಿಕೆಯವರು ಫೋಟೋ ಹಾಕಿದರು. ಕಾರ್ಯಕ್ರಮ ಮುಗಿದ ಕೂಡಲೇ ಪುಸ್ತಕಗಳು ಕಪಾಟಿಗೆ, ನಾನು ಕಟ್ಟೆಗೆ.

ಸೀತಾಬಾಯಿಯ ಪರೀಕ್ಷೆ ರದ್ದಾಯಿತು. ಪ್ರಶ್ನೆಪತ್ರಿಕೆ ಮೊದಲೇ ಯಾರಿಗೋ ಸಿಕ್ಕಿತ್ತಂತೆ. ಅವಳ ಮನೆಯವರು ಕಬ್ಬು ಕಡಿಯಲು ಹೊರಟಿದ್ದರು, ಇನ್ನು ಕಾಯುವುದು ಬೇಡವೆಂದು ಇವಳನ್ನೂ ಕರೆದರು. ಹೋಗುವ ದಿನ ಬಂದು ನನ್ನ ಮೇಲೆ ಸ್ವಲ್ಪ ಹೊತ್ತು ಕೂತಳು. ಅಷ್ಟರಲ್ಲಿ ಅವಳು ಹುಲಿಗೆವ್ವನಿಗೆ ಅಕ್ಷರ ಕಲಿಸಿದ್ದಳು. ಒತ್ತಕ್ಷರ ಬಂದಲ್ಲಿ ಕೈಗಾಡಿ ಕಲ್ಲಿಗೆ ಸಿಕ್ಕಂತೆ ಹುಲಿಗೆವ್ವ ನಿಲ್ಲುತ್ತಿದ್ದಳು.

“ತಡದ್ರೂ ಅಡ್ಡಿಯಿಲ್ಲ, ಬಿಟ್ಟು ಮುಂದಕ್ಕ ಹೋಗಬ್ಯಾಡ ಎಕ್ಕಾ. ಬಿಟ್ಟಿದ್ರಾಗನ ಅವರು ಏನರ ಇಟ್ಟಿರ್ತಾರ.”

ಆಮೇಲೆ ಅವಳ ಸುದ್ದಿ ಬರಲಿಲ್ಲ.

ಶಿವರಾತ್ರಿ ಕಳೆಯಿತು. ಗ್ರಂಥಾಲಯಕ್ಕೆ ಬರುವ ಪತ್ರಿಕೆಗಳು ಒಂದೊಂದಾಗಿ ನಿಂತು ಎರಡಕ್ಕೆ ಬಂದವು. ಕೋಣೆಯ ಹಿಂದಿನ ಅರ್ಧಕ್ಕೆ ಗೋಡೆ ಕಟ್ಟಿ ಪುರಸಭೆಯವರು ಅಂಗಡಿ ಮಳಿಗೆ ಮಾಡಿದರು. ಅಲ್ಲಿದ್ದ ಕಪಾಟುಗಳು ಹೊರಗೆ ಹೋದವು, ಅವುಗಳಲ್ಲಿದ್ದ ಪುಸ್ತಕಗಳನ್ನು ಮುಂದಿನ ಅರ್ಧದ ಫರಸಿಯ ಮೇಲೆ ಒಟ್ಟಿದರು. ವಿರೂಪಾಕ್ಷಯ್ಯ ಯಾರಿಗೋ ಅರ್ಜಿ ಬರೆದರು, ಉತ್ತರ ಬರಲಿಲ್ಲ. ಮೊದಲ ಸಲ ಅವರು ಹೊರಗೆ ಬಂದು ನನ್ನ ಒಂದು ತುದಿಗೆ ಕುಳಿತರು. ಇನ್ನೊಂದು ತುದಿಯಲ್ಲಿ ಹುಲಿಗೆವ್ವ ಪತ್ರಿಕೆ ಹಿಡಿದು ಬೇರೆ ಹೆಂಗಸರಿಗೆ ಓದುತ್ತಿದ್ದಳು. ಅವಳು ಒಂದು ಪದಕ್ಕೆ ಸಿಕ್ಕಿಬಿದ್ದಾಗ ಅವರು ಅತ್ತ ತಿರುಗದೆಯೇ ಆ ಪದ ಹೇಳಿಕೊಟ್ಟರು. ಅವರಿಬ್ಬರ ನಡುವೆ ಅಷ್ಟೇ ಆದದ್ದು.

ಬಿಸಿಲಿಗೆ ನನ್ನ ಹಲಗೆ ಸೀಳಿತು. ಅಂಗಡಿಯವರು ತೊಳೆದು ಚೆಲ್ಲುವ ನೀರು ಕಟ್ಟೆಯ ಮೇಲೆ ನಿಂತು ಒಂದು ಕಾಲು ಕೊಳೆಯಿತು, ಅದರ ಕೆಳಗೆ ಯಾರೋ ಕಲ್ಲು ಕೊಟ್ಟರು. ಬೆನ್ನ ಮೇಲಿನ ಅಕ್ಷರ ಒಂದೂ ಉಳಿದಿಲ್ಲ. ಇನ್ನೊಂದು ವರ್ಷ ಕಳೆದರೆ ನಾನು ಯಾರದೋ ನೀರೊಲೆಗೆ ಹೋಗುತ್ತೇನೆ. ಅದಕ್ಕೆ ನನಗೆ ದುಃಖವಿಲ್ಲ, ಜಾಲಿ ಚೆನ್ನಾಗಿ ಉರಿಯುತ್ತದೆ. ನನಗಿರುವ ಸಿಟ್ಟು ಬೇರೆ. ಕಚೇರಿ, ಶಾಲೆ, ಗ್ರಂಥಾಲಯ, ಈ ದೇಶದ ಮೂರು ಒಳ್ಳೆಯ ಮನೆಗಳಲ್ಲಿ ಬಾಳಿದೆ. ಮೂರರಲ್ಲೂ ನನ್ನ ಮೇಲೆ ಯಾರು ಕೂರಬಾರದು ಎಂಬುದನ್ನು ಮೊದಲು ಗೊತ್ತುಮಾಡಿದರು, ಆಮೇಲೆ ನನ್ನನ್ನು ಒಳಗೆ ತಂದರು. ಹುಲಿಗೆವ್ವ ಒಂದು ವರ್ಷ ಕೂತಳು. ಅಕ್ಷರ ಕಲಿತಳು, ಕಾನೂನು ಕಲಿತಳು. ಗುಂಡಿ ಇದ್ದಲ್ಲೇ ಇತ್ತು. ಅದಕ್ಕೆ ಓದು ಬರುತ್ತಿರಲಿಲ್ಲ.

ಆಷಾಢ ಬಂತು. ಮೂರು ದಿನದ ಮಳೆಗೆ ಗುಂಡಿ ಕಟ್ಟಿತು. ಮುಚ್ಚಳದ ಸುತ್ತ ಕಪ್ಪು ನೀರು ಉಕ್ಕಿ, ರಸ್ತೆ ತುಂಬಿ, ಮೆಟ್ಟಿಲೇರಿ ಗ್ರಂಥಾಲಯದೊಳಕ್ಕೆ ನಡೆಯಿತು. ಫರಸಿಯ ಮೇಲೆ ಒಟ್ಟಿದ್ದ ಪುಸ್ತಕಗಳು ತಳದಿಂದ ನೆನೆಯತೊಡಗಿದವು. ವಿರೂಪಾಕ್ಷಯ್ಯ ಧೋತರ ಎತ್ತಿ ಕಟ್ಟಿ, ಹೊಲಸು ನೀರಿನಲ್ಲಿ ನಿಂತು, ತೋಳು ತುಂಬ ಪುಸ್ತಕ ಹೊತ್ತು ಮೇಜಿನ ಮೇಲಿಟ್ಟರು. ಮೇಜು ತುಂಬಿತು. ಪುರಸಭೆಗೆ ಫೋನು ಮಾಡಿದವರು ಅವರೇ.

ಇನ್ಸ್‌ಪೆಕ್ಟರ್ ಬಂದ. ಹೀರುವ ಯಂತ್ರ ಕೆಟ್ಟು ರಿಪೇರಿಗೆ ಹೋಗಿದೆ ಎಂದ. ಅವನ ಜೊತೆ ಹಗ್ಗ, ಬಿದಿರಿನ ಗಳ, ಹನುಮೇಶ. ಹುಲಿಗೆವ್ವ ಅಷ್ಟರಲ್ಲಿ ಓಡಿಬಂದು ನನ್ನ ಮೇಲೆ ಕುಳಿತಿದ್ದಳು. ಉಸಿರು ಇನ್ನೂ ನೆಟ್ಟಗಾಗಿರಲಿಲ್ಲ. ಕಾನೂನಿನಲ್ಲಿ ಇಳಿಸುವಂತಿಲ್ಲ, ಓದಿದ್ದೇವೆ ಎಂದಳು. ಅದು ದೊಡ್ಡ ಊರಿಗೆ, ಅಲ್ಲಿ ಯಂತ್ರ ಇರುತ್ತವೆ ಎಂದ ಇನ್ಸ್‌ಪೆಕ್ಟರ್. ಇವನು ಒಲ್ಲೆ ಎಂದರೆ ಸಂಜೆಯೊಳಗೆ ಬೇರೆಯವನು ಬರುತ್ತಾನೆ, ನಾಳೆಯಿಂದ ಕೆಲಸವೂ ಅವನದೇ ಎಂದ. ಅದು ಸುಳ್ಳಲ್ಲ. ಬೇರೆಯವನೊಬ್ಬ ಯಾವಾಗಲೂ ಸಿಗುತ್ತಾನೆ.

ಹನುಮೇಶ ಅಂಗಿ ಬಿಚ್ಚಿದ. ಮಗು ಹುಟ್ಟಿ ನಾಲ್ಕೇ ತಿಂಗಳು. ಇನ್ಸ್‌ಪೆಕ್ಟರ್ ಕಿಸೆಯಿಂದ ಕ್ವಾರ್ಟರ್ ತೆಗೆದು ಮುಂದೆ ಹಿಡಿದ. ಅವನು ಕೈ ಚಾಚಲಿಲ್ಲ.

“ಕುಡಿಯದನ ಇಳೀತೀನ್ರಿ. ನಾಳೆ ಪೇಪರ್‌ದಾಗ ಬರಿಯಾಕ ನಿಮಗ ಏನೂ ಸಿಗಬಾರದು.”

ವರ್ಷವಿಡೀ ಆ ಹೆಂಗಸರು ಓದಿದ್ದರಿಂದ ಅವನಿಗೆ ಸಿಕ್ಕದ್ದು ಇಷ್ಟೇ. ಸಾಯುವುದಾದರೆ ಕಾರಣ ಬಿಟ್ಟುಕೊಡದೆ ಸಾಯಬೇಕು ಎಂಬುದು. ನನ್ನ ಸೀಳಿದ ಹಲಗೆ ಹುಲಿಗೆವ್ವನ ಕೆಳಗೆ ಕಿರುಗುಟ್ಟಿತು.

ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡ ಮೇಲೆ ಅವನು ತಡೆದು ಇತ್ತ ತಿರುಗಿದ. “ಅವ್ವ ಹ್ಞೂಂ ಅನ್ಲಿ. ಅಂದ್ರ ಇಳೀತೀನಿ.”

ಎಲ್ಲರೂ ಅವಳನ್ನು ನೋಡಿದರು. ಇನ್ಸ್‌ಪೆಕ್ಟರ್ ಕಟ್ಟೆ ಹತ್ತಿ ಹತ್ತಿರ ಬಂದ. ಅವನ ದನಿ ಒಮ್ಮೆಲೇ ಮೆತ್ತಗಾಯಿತು. ಹತ್ತು ನಿಮಿಷದ ಕೆಲಸ, ನಾನೇ ಇಲ್ಲಿ ನಿಂತಿರುತ್ತೇನೆ, ಇದೊಂದು ಸಲ ಆಗಲಿ, ಇವನನ್ನು ಕಾಯಂ ಮಾಡಲು ಬರೆಯುತ್ತೇನೆ ಎಂದ. ಬಾಗಿಲಲ್ಲಿ ವಿರೂಪಾಕ್ಷಯ್ಯ ನಿಂತಿದ್ದರು. ಎದೆಗೊತ್ತಿಕೊಂಡ ಪುಸ್ತಕಗಳಿಂದ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು. ಅವನ್ನು ಅವಳತ್ತ ಚಾಚಿದರು.

“ನೀನೂ ಇಲ್ಲೇ ಓದಾಕ ಕಲತಿಯವ್ವ. ಎಲ್ಲಾ ನೀರುಪಾಲಾಗ್ತಾವ.”

ಹುಲಿಗೆವ್ವ ಆ ಪುಸ್ತಕಗಳನ್ನು ನೋಡಿದಳು. ಅವಳ ಎರಡೂ ಕೈ ನನ್ನ ಅಂಚನ್ನು ಹಿಡಿದಿದ್ದವು, ಉಗುರುಗಳು ಮರದೊಳಕ್ಕೆ ಇಳಿದಿದ್ದವು.

“ಹ್ಞೂಂ ಅನ್ನು ಹುಲಿಗೆವ್ವ,” ಎಂದ ಇನ್ಸ್‌ಪೆಕ್ಟರ್. “ಒಂದ ಮಾತು.”

“ಅನ್ನೂದಿಲ್ಲ,” ಎಂದಳು.